ದೀಪ ಹಚ್ಚಿದ ಮೇಲೆ ಪಾಸ್‌ವರ್ಡ್ ಕೊಡುವುದಿಲ್ಲ

ಆ ಪ್ರಿಂಟರಿನ ಸಣ್ಣ ದೀಪ ನೀಲಿಯಿತ್ತೋ ಹಸಿರಿತ್ತೋ, ನನಗೆ ನೆನಪಿಲ್ಲ. ಎದ್ದುಹೋಗಿ ನೋಡಬಹುದು. ಆದರೆ ನೋಡುವುದಿಲ್ಲ. ನೋಡಿಬಂದು ಬರೆದರೆ, ಆ ಸಂಜೆ ಆ ಬಣ್ಣವನ್ನು ನಾನು ಕಂಡೇ ಕಂಡಿದ್ದೆ ಎಂದು ನೀವು ನಂಬುತ್ತೀರಿ. ಸ್ವಲ್ಪ ದಿನದಲ್ಲಿ ನಾನೂ ನಂಬುತ್ತೇನೆ. ದೀಪ ಮಿಣುಕುತ್ತಿತ್ತು ಎಂಬುದಷ್ಟೇ ಖಾತ್ರಿ. ಮಿಣುಕುವುದು ನಿಲ್ಲಲಿ ಎಂದು ನಾವೆಲ್ಲ ಅದರ ಮುಂದೆ ಕಾದಿದ್ದೆವು.

ಪ್ರಿಂಟರ್ ವೈನಿಯದು, ಅಂದರೆ ನನ್ನ ಅತ್ತಿಗೆಯದು. ಅಣ್ಣ ವೈನಿ ನಮ್ಮ ಎದುರು ಬಾಗಿಲಿನ ಮನೆಯಲ್ಲಿ ಬೇರೆ ಸಂಸಾರ ಹೂಡಿದ್ದಾರೆ. ಜಗಳವಾಗಿ ಬೇರೆಯಾದದ್ದಲ್ಲ, ಮನೆಯಲ್ಲಿ ಜಾಗ ಸಾಲದಾಯಿತು. ಓಣಿಯ ಈಚೆ ಅವ್ವ ಮತ್ತು ನಾನು. ನಡುವೆ ಒಂದು ಚಕ್ಕಡಿ ಹಾಯುವಷ್ಟು ದಾರಿ. ಕುಂದಗೋಳ ತಾಲೂಕಿನ ಕಪ್ಪು ನೆಲದ ಊರು ನಮ್ಮದು. ಬೇಸಿಗೆಯಲ್ಲಿ ತಂಪಾಗಿರಲೆಂದು ಮಣ್ಣಿನ ಗೋಡೆಗಳನ್ನು ಮೊಳಗಟ್ಟಲೆ ದಪ್ಪ ಕಟ್ಟಿದ್ದಾರೆ. ಕಟ್ಟಿದವರ ತಲೆಯಲ್ಲಿ ವೈಫೈ ಇರಲಿಲ್ಲ.

ವೈನಿ ಓಣಿಯ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡುತ್ತಾರೆ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಹಂಚಿನ ಬಿಸಿಗೆ ಒರಗಿಸಿ ಹಪ್ಪಳದಂತೆ ಒಣಗಿಸುವುದು. ಅಲ್ಲಿಯವರೆಗೆ ಮದುವೆ ಮನೆಗೆ, ಮಠಕ್ಕೆ, ಪರಿಚಯದವರಿಗೆ ಕೊಡುತ್ತಿದ್ದರು. ಹುಬ್ಬಳ್ಳಿಯ ಒಂದು ಅಂಗಡಿಯವರು ರುಚಿ ನೋಡಿ, ಮಾಡಿದ ಮರುದಿನ ಬೆಳಗಿನ ಬಸ್ಸಿಗೆ ತನ್ನಿ, ಮಾರುತ್ತೇವೆ ಎಂದರು. ಆದರೆ ಪ್ರತಿ ಪಾಕೀಟಿನ ಮೇಲೂ ಚೀಟಿ ಬೇಕು, ಅದರಲ್ಲಿ ಒಳಗೇನಿದೆ, ಯಾವ ದಿನ ಮಾಡಿದ್ದು ಎಂದು ಅಚ್ಚಾಗಿರಬೇಕು. ಚೀಟಿ ಇಲ್ಲದ ಮಾಲು ಇಳಿಸಿಕೊಳ್ಳುವುದಿಲ್ಲ.

ಅವ್ವನಿಗೆ ಇದು ನಗೆಯ ವಿಷಯ. "ರೊಟ್ಟಿಗೂ ಜಾತಕ ಬರಸ್ತಾರೇನ ಬೇ? ಹುಟ್ಟಿದ ದಿನ, ಹುಟ್ಟಿದ ಊರು. ಕುಂಡಲಿ ಕೂಡೂದಿಲ್ಲ ಅಂದ್ರ ಚಟ್ನಿ ಹಚ್ಚಂಗಿಲ್ಲೇನು?"

"ಹುಬ್ಬಳ್ಳಿ ಮಂದಿ ಕೇಳ್ತಾರ್ರಿ ಅತ್ತಿ, ನಾ ಏನ್ ಮಾಡ್ಲಿ?" ಎಂದರು ವೈನಿ.

ದಿನಾಂಕ ಪ್ರತಿ ಸಲವೂ ಬದಲಾಗುವುದರಿಂದ ಒಮ್ಮೆಗೇ ಸಾವಿರ ಚೀಟಿ ಅಚ್ಚುಹಾಕಿಸಿ ಇಟ್ಟುಕೊಳ್ಳುವಂತಿರಲಿಲ್ಲ. ರೊಟ್ಟಿ ಮಾಡಿದಾಗಲೆಲ್ಲ ಒಂದು ಚೀಟಿಗಾಗಿ ಕುಂದಗೋಳದ ಝೆರಾಕ್ಸ್ ಅಂಗಡಿಗೆ ಓಡುವುದೂ ಆಗುವ ಮಾತಲ್ಲ. ವೈನಿಯ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇರುವುದೆಲ್ಲ ಫೋನಿನಲ್ಲಿ. ಅದಕ್ಕೇ ತಂತಿ ಇಲ್ಲದೆ ನಡೆಯುವ ಪ್ರಿಂಟರನ್ನೇ ತರಿಸಿದ್ದರು. ಚೀಟಿಯನ್ನು ಫೋನಿನಲ್ಲಿ ತಾವೇ ಬಿಡಿಸಿದ್ದರು. ರೊಟ್ಟಿಯ ಚಿತ್ರ, ಸುತ್ತ ಒಂದು ಬಳ್ಳಿ, ಕೆಳಗೆ ತಾರೀಖು. ಬಳ್ಳಿ ಹೆಚ್ಚಾಯಿತು ಎಂದು ನಾನು ಹೇಳಿದ್ದೆ. "ನಿನ್ನ ಪುಸ್ತಕಕ್ಕ ಬ್ಯಾಡ, ನನ್ನ ರೊಟ್ಟಿಗೆ ಬೇಕು" ಎಂದು ಬಾಯಿ ಮುಚ್ಚಿಸಿದ್ದರು.

ಮೊದಲ ಮಾಲು ಕಳಿಸುವ ಹಿಂದಿನ ದಿನ ಮಧ್ಯಾಹ್ನದಿಂದ ವೈನಿ, ರೊಟ್ಟಿ ಬಡಿಯುವ ನಡುನಡುವೆ, ಪ್ರಿಂಟರಿನ ಜೊತೆ ಒಬ್ಬರೇ ಸೆಣಸಾಡಿದ್ದಾರೆ. ನನ್ನನ್ನು ಕರೆದದ್ದು ಹೊತ್ತು ಇಳಿದ ಮೇಲೆ. ಅವರು ಬೇಗನೇ ಕರೆದಿದ್ದರು, ನಾನೇ ತಡಮಾಡಿ ಹೋದೆ ಎಂದು ಅಣ್ಣ ಹೇಳುತ್ತಾನೆ. ಅಣ್ಣ ಆ ದಿನ ಊರಲ್ಲೇ ಇರಲಿಲ್ಲ. ಆದರೂ ಅವನಿಗೆ ಎಲ್ಲವೂ ನನಗಿಂತ ಚೆನ್ನಾಗಿ ನೆನಪಿದೆ.

ನಾನು ಹೋದಾಗ ಪ್ರಿಂಟರ್ ಒಳಕೋಣೆಯಲ್ಲಿ ಜೋಳದ ಚೀಲಗಳ ಮೇಲೆ ಕೂತಿತ್ತು. ಕಟ್ಟೆಯ ತುಂಬ ರೊಟ್ಟಿಯ ಕಟ್ಟುಗಳು. ಹೆಣ್ಣುಮಕ್ಕಳು ಪಾಕೀಟು ತುಂಬಿ ಮುಗಿಸಿ, ಚೀಟಿಗಾಗಿ ಕೈ ಕಟ್ಟಿಕೊಂಡು ಕೂತಿದ್ದರು. ಅವರಲ್ಲಿ ಹಿರಿಯಾಕೆ ನಮ್ಮೆಲ್ಲರಿಗೂ ದೊಡ್ಡವ್ವ.

"ಬಾಳ ಓದಿದಾವ ಬಂದ ನೋಡ್ರಿ" ಎಂದಳು ದೊಡ್ಡವ್ವ. "ಇನ್ನ ಆತು ಬಿಡ್ರಿ. ಇವ ಮೊದಲ ಅದರ ಮ್ಯಾಲೆ ಒಂದು ಪುಸ್ತಕ ಬರದು, ಆಮ್ಯಾಲ ಬಟನ್ ಒತ್ತತಾನ."

ಬಟನ್ ಒತ್ತಿದೆ. ಫೋನಿನ ಆ್ಯಪ್ ಪ್ರಿಂಟರನ್ನು ಕಂಡುಹಿಡಿದು, ಮನೆಯ ವೈಫೈ ಪಾಸ್‌ವರ್ಡ್ ಹೊಡೆಯಿರಿ ಎಂದಿತು. ಪ್ರಿಂಟರನ್ನು ರೌಟರಿನ ಹತ್ತಿರ ತನ್ನಿ ಎಂಬ ಸೂಚನೆಯೂ ಮೇಲೆ ಇತ್ತು. ಅದನ್ನು ಓದಿದೆ, ದಾಟಿದೆ. ಅಂಥ ಸೂಚನೆಗಳನ್ನು ಯಾರು ಪಾಲಿಸುತ್ತಾರೆ?

ಎರಡೂ ಮನೆಗೆ ಇರುವುದು ಒಂದೇ ವೈಫೈ. ರೌಟರ್ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಮಾಡದ ಪಕ್ಕದಲ್ಲಿದೆ. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಅವ್ವನಿಗೊಬ್ಬಳಿಗೇ. ಲೈನ್ ಹಾಕುವವನು ಬಂದ ದಿನ ಮನೆಯಲ್ಲಿದ್ದವಳು ಅವಳು. "ಮರೆಯದಂಥ ಅಂಕಿ ಹೇಳ್ರಿ ಅಮ್ಮಾ" ಎಂದು ಅವನು ಕೇಳಿದ, ಇವಳು ಹೇಳಿದಳು. ಆಮೇಲೆ ನಮ್ಮ ಫೋನುಗಳಿಗೆಲ್ಲ ತಾನೇ ಹೊಡೆದುಕೊಟ್ಟಳು. ಪರದೆಯನ್ನು ಎದೆಗೆ ಆನಿಸಿಕೊಂಡು, ಒಂದೇ ಬೆರಳಿನಲ್ಲಿ. ಫೋನಿನೊಳಗಿಂದ ಪಾಸ್‌ವರ್ಡನ್ನು ಹೊರಗೆ ತೆಗೆಯುವ ಉಪಾಯವೂ ಇದೆಯಂತೆ. ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ವೈನಿ ಕಟ್ಟೆಯಿಂದಲೇ ಕೂಗಿದರು. "ಅತ್ತೀ, ಆ ವೈಫೈ ನಂಬರ್ ಹೇಳ್ರಿ!"

ಅವ್ವ ಹೊಸ್ತಿಲಿಗೆ ಬಂದಳು. ಅವಳ ಹಿಂದೆ ದೀಪ ಉರಿಯುತ್ತಿತ್ತು. "ದೀಪಾ ಹಚ್ಚೇನಿ" ಎಂದಳು.

ಇಷ್ಟು ಹೇಳಿದರೆ ನಮ್ಮ ಕಡೆ ಸಾಕು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಸೂಜಿ ಯಾವುದನ್ನೂ ಮನೆಯಿಂದ ಹೊರಗೆ ಕೊಡುವುದಿಲ್ಲ, ಬೆಳ್ಳಗಿನದನ್ನಂತೂ ಇಲ್ಲವೇ ಇಲ್ಲ. ಆ ಹೊತ್ತಿನಲ್ಲಿ ಲಕ್ಷ್ಮಿ ಒಳಗೆ ಬರುತ್ತಾಳೆ, ಕೊಟ್ಟರೆ ಕೊಟ್ಟದ್ದರ ಜೊತೆಗೇ ಹೊರಟುಹೋಗುತ್ತಾಳೆ. ಆದರೆ ಪಾಸ್‌ವರ್ಡ್ ಈ ಪಟ್ಟಿಗೆ ಸೇರಿದ್ದು ಆ ಸಂಜೆಯೇ.

"ಅದೇನ್ ಹೆಪ್ಪ ಐತೇನ್ರಿ ಅತ್ತಿ? ಬೆಳ್ಳಗ ಐತೇನ್ರಿ?" ವೈನಿ ನಗುತ್ತಿದ್ದರೂ ಕಣ್ಣು ರೊಟ್ಟಿಯ ಕಟ್ಟುಗಳ ಮೇಲಿತ್ತು. ಬಸ್ಸು ಬೆಳಗಾಗುತ್ತಲೇ ಬರುತ್ತದೆ.

"ಹೆಪ್ಪಲ್ಲದ ಮತ್ತೇನು? ಒಂದು ಚಮಚ ಕೊಟ್ರ ಅವರ ಮನ್ಯಾಗ ಗಡಿಗಿ ತುಂಬ ಆಕ್ಕೈತಿ. ನಾ ಒಂದು ಸಲ ಹೇಳಿದ್ರ ಓಣಿ ತುಂಬ ಆಕ್ಕೈತಿ. ಮುಂಜಾನೆ ಬಾ, ಕೊಡ್ತೀನಿ."

"ಮುಂಜಾನೆ ಬಸ್ಸಿಗೆ ಹೋಗ್ಬೇಕ್ರಿ ಅದು!"

"ಹಂಗಾದ್ರ ಹಗಲ ಹೊತ್ತು ಏನ್ ಮಾಡಾಕತ್ತಿದ್ದಿ?"

"ರೊಟ್ಟಿ ಬಡ್ಯಾಕತ್ತಿದ್ನಿರಿ!"

ದೊಡ್ಡವ್ವ ನಡುವೆ ಬಾಯಿ ಹಾಕಿದಳು. "ಯವ್ವಾ, ಅತ್ತಿ ಸೊಸಿ ಜಗಳ ನೆಟ್ಟಿಗೂ ಬಂತಲ್ಲ."

ನಾನು ಅವ್ವನಿಗೆ ತಿಳಿಹೇಳಲು ಹೋದೆ. ಅಂಕಿಗಳು ವಸ್ತುವಲ್ಲ, ಹೇಳಿದರೆ ಕಡಿಮೆಯಾಗುವುದಿಲ್ಲ ಎಂದು. "ಜ್ವರಾನೂ ಕೊಟ್ರ ಕಡಿಮಿ ಆಗೂದಿಲ್ಲ, ಹಂಗಂತ ಕೊಡ್ತೀಯೇನು?" ಎಂದಳು. ಈ ಮಾತನ್ನು ನಾನೇ ಆಮೇಲೆ ಕಟ್ಟಿದ್ದಿರಬಹುದು ಎಂಬ ಅನುಮಾನ ನನಗಿದೆ. ಅವ್ವನನ್ನು ಕೇಳಿದರೆ, ಚಲೋ ಐತಿ, ನಾನ ಅಂದಿದ್ದು ಅಂತ ಬರಿ, ಎನ್ನುತ್ತಾಳೆ. ಬರೆದಿದ್ದೇನೆ.

ಆಮೇಲೆ ಅವ್ವ ಒಂದು ಮಾತು ಸೇರಿಸಿದಳು. "ಕೊಡೂದಿಲ್ಲ ಅಂದ್ನಿ. ತರಬ್ಯಾಡ್ರಿ ಅಂದ್ನೇನು? ಈ ಹೊತ್ತಿನ್ಯಾಗ ಮನಿಗೆ ಏನ್ ಬಂದ್ರೂ ಚಲೋನ. ಆ ಡಬ್ಬೀನ ಇಲ್ಲಿ ತಗೊಂಡ ಬರ್ರಿ, ನಾನ ಹೊಡೀತೀನಿ."

ವೈನಿ ಒಂದು ಕ್ಷಣವೂ ಯೋಚಿಸಲಿಲ್ಲ. ಒಳಗೆ ಹೋಗಿ ಪ್ರಿಂಟರನ್ನು ಹಸುಗೂಸಿನಂತೆ ಎತ್ತಿಕೊಂಡು ಓಣಿ ದಾಟಿದರು. ಅದರ ವೈರು ಹಿಂದೆ ಎಳೆದಾಡುತ್ತಿತ್ತು, ನಾನು ಸೆರಗು ಹಿಡಿದವನ ಹಾಗೆ ಅದನ್ನು ಹಿಡಿದುಕೊಂಡು ನಡೆದೆ. ಹಿಂದೆ ದೊಡ್ಡವ್ವ, ಅವಳ ಹಿಂದೆ ಉಳಿದವರು. ಕಟ್ಟೆಯ ಮೇಲೆ ಕೂತ ಗಂಡಸೊಬ್ಬರು ಎದ್ದು ನಿಂತು, "ಏನ್ರಿ, ಎಲ್ಲಿಗೆ ಹೊಂಟ್ರಿ ಎಲ್ಲಾರೂ?" ಎಂದು ಕೇಳಿದರು. "ಗಂಡು ನೋಡಾಕ, ಬರ್ರಿ" ಎಂದಳು ದೊಡ್ಡವ್ವ.

ಅವ್ವ ಹೊಸ್ತಿಲಲ್ಲಿ ಪ್ರಿಂಟರನ್ನು ನಿಲ್ಲಿಸಿ, ಅದರ ಹಣೆ ಎಲ್ಲಿದೆ ಎಂದು ಹುಡುಕಿ, ಕುಂಕುಮ ಇಟ್ಟಳು. ಮೊದಲು ಹಾಳೆ ಹೊರಬರುವ ಬಾಯಿಯ ಹತ್ತಿರ ಇಡಲು ಹೋಗಿದ್ದಳು, ನಾನು ಕೈ ಹಿಡಿದೆ. ರೌಟರಿನ ಪಕ್ಕ ಸ್ಟೂಲ್ ಹಾಕಿ ಅದನ್ನು ಕೂರಿಸಿದೆವು.

"ಎಲ್ಲಾರೂ ಆ ಕಡೆ ಮುಖಾ ಮಾಡ್ರಿ" ಎಂದಳು ಅವ್ವ.

ನಾವೆಲ್ಲ ಗೋಡೆಗೆ ಮುಖ ಮಾಡಿ ನಿಂತೆವು. ಶಾಲೆಯಲ್ಲಿ ಶಿಕ್ಷೆ ಅನುಭವಿಸುವವರ ಹಾಗೆ ಒಂದು ಸಾಲು, ಒಬ್ಬೊಬ್ಬರ ಬೆನ್ನಲ್ಲೂ ನಗು ಕುಣಿಯುತ್ತಿತ್ತು. ಟಕ್, ಟಕ್ ಎಂದು ಅವ್ವನ ಬೆರಳು. "ಹೂಂ, ತಿರುಗ್ರಿ."

ತಿರುಗಿದೆವು. ಪ್ರಿಂಟರಿನ ದೀಪ ಮಿಣುಕುತ್ತಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಆ್ಯಪ್, ಸಂಪರ್ಕ ಸಾಧ್ಯವಾಗಲಿಲ್ಲ ಎಂದಿತು.

ವೈನಿ ಕೈಯಲ್ಲಿದ್ದ ಚೀಟಿ ಹಾಳೆಗಳ ಕಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ನಿಂತರು. ಅಂಗಡಿಯವರ ಬಾಗಿಲು ಎರಡನೆಯ ಸಲ ತೆರೆಯುತ್ತದೆ ಎಂದು ಯಾರು ಹೇಳಬೇಕು? ಗಂಡನನ್ನೂ ಕಾಯದೆ, ತಾವೇ ಬಸ್ಸು ಹತ್ತಿ ಹೋಗಿ, ತಾವೇ ಮಾತಾಡಿ ಹಿಡಿದ ಅಂಗಡಿ ಅದು.

ಪಾಸ್‌ವರ್ಡ್ ತಪ್ಪಿರಬೇಕು ಎಂದೆ. ಅವ್ವ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಫೋನ್ ಇಸಕೊಂಡು ನೋಡಿದೆ. ನಮ್ಮ ರೌಟರ್ ಎರಡು ಹೆಸರಿನಿಂದ ಕೂಗುತ್ತದೆ. ಒಂದು ಬರೀ ಹೆಸರು, ಇನ್ನೊಂದರ ಬಾಲಕ್ಕೆ 5ಜಿ ಎಂದಿದೆ. ಬಾಲದ್ದು ಜೋರು, ಆದರೆ ಈ ಪ್ರಿಂಟರಿಗೆ ಅದು ಕೇಳಿಸುವುದಿಲ್ಲ. ಅವ್ವ ಪಟ್ಟಿಯಲ್ಲಿ ಮೇಲಿದ್ದದ್ದನ್ನು ಒತ್ತಿದ್ದಳು, ಅದು 5ಜಿ. ಕೆಳಗಿನದನ್ನು ಆರಿಸಿ ಫೋನನ್ನು ಮತ್ತೆ ಅವಳ ಕೈಗಿಟ್ಟೆ.

"ಮತ್ತ ಗ್ವಾಡಿಗೇನು?" ಎಂದು ದೊಡ್ಡವ್ವ ತಾನಾಗಿಯೇ ತಿರುಗಿದಳು. "ಈ ಮನಿ ಗ್ವಾಡಿ ಇಷ್ಟ್ ಚಂದ ಅದಾವ ಅಂತ ನನಗ ಗೊತ್ತ ಇರಲಿಲ್ಲ."

ಟಕ್, ಟಕ್. ನಾವು ತಿರುಗುವ ಮೊದಲೇ ವೈನಿ ತಿರುಗಿದ್ದರು. "ನಿಂತತಿ!" ಎಂದರು. ದೀಪ ಮಿಣುಕುವುದನ್ನು ಬಿಟ್ಟು ಸುಮ್ಮನೆ ಉರಿಯುತ್ತಿತ್ತು.

ಪ್ರಿಂಟರ್ ಒಮ್ಮೆ ಕೆಮ್ಮಿತು. ಒಳಗೆ ಏನೋ ಆಚೀಚೆ ಓಡಾಡಿತು. ಹಾಳೆ ನುಂಗಿತು, ಯೋಚಿಸಿತು, ಮೆಲ್ಲಗೆ ಹೊರಗೆ ಚಾಚಿತು. ಬಳ್ಳಿ ಮೊದಲು ಬಂತು. ಆಮೇಲೆ ರೊಟ್ಟಿ, ಆಮೇಲೆ ಅಕ್ಷರ, ಕೊನೆಗೆ ಆ ದಿನದ ತಾರೀಖು. ಒಂದೇ ಹಾಳೆಯಲ್ಲಿ ಸಾಲುಸಾಲು ಚೀಟಿ. ಬಳ್ಳಿ ಚೆನ್ನಾಗಿಯೇ ಇತ್ತು, ನನ್ನ ಮಾತು ವಾಪಸ್. ದೊಡ್ಡವ್ವ ಆಸೆ ತಡೆಯದೆ ಮುಟ್ಟಿದಳು. ಮಸಿ ಇನ್ನೂ ಹಸಿ ಇತ್ತು, ತಾರೀಖು ಅವಳ ಬೆರಳಿಗೆ ಹತ್ತಿತು.

"ನೋಡ್ರಿ, ನನಗೂ ತಾರೀಖ ಬಿತ್ತು!"

"ಎಷ್ಟ ದಿನ ಬಾಳಿಕಿ ಬರ್ತಿ, ಅದನ್ನೂ ಬರಿಸಿಕೋ" ಎಂದಳು ಅವ್ವ.

ಹಾಳೆಗಳು ಬರುತ್ತಲೇ ಇದ್ದವು. ವೈನಿ ಅವನ್ನು ಜೋಡಿಸಿಕೊಂಡು ಬಾಗಿಲವರೆಗೆ ಹೋದವರು ನಿಂತು, ತುಂಟತನದಿಂದ ತಿರುಗಿದರು. "ಅತ್ತಿ, ಹಾಳಿ ಬೆಳ್ಳಗ ಅದಾವ್ರಿ. ಒಯ್ಲ್ಯೋ ಬ್ಯಾಡೋ?"

ಚೇಷ್ಟೆಗೆ ಕೇಳಿದ್ದು. ಅವ್ವ ನಿಜವಾಗಿಯೂ ಯೋಚನೆಗೆ ಬಿದ್ದಳು. ಒಂದು ಹಾಳೆ ಇಸಕೊಂಡು ದೀಪಕ್ಕೆ ಹಿಡಿದು ನೋಡಿದಳು. "ಅಕ್ಷರ ಕರ್ರಗ ಅದಾವ. ಆದ್ರ ಹಾಳಿ ಬೆಳ್ಳಗ ಐತಿ. ಬ್ಯಾಡ. ರೊಟ್ಟೀನ ಇಲ್ಲಿ ತರ್ರಿ."

ಅವ್ವ ಎಲ್ಲವನ್ನೂ ಮುಂದಾಗಿ ತಿಳಿದೇ ಹೀಗೆ ಮಾಡಿದಳು, ಪ್ರಿಂಟರಿಗೆ ರೌಟರಿನ ಸಮೀಪ ಬೇಕೆಂದು ಅವಳಿಗೆ ಹೇಗೋ ಗೊತ್ತಿತ್ತು ಎಂದು ಬರೆದರೆ ಕತೆ ಚೆಂದವಾಗಿ ಮಡಚಿಕೊಳ್ಳುತ್ತದೆ. ಸುಳ್ಳು. ಅವಳಿಗೆ ಗೊತ್ತಿದ್ದದ್ದು ದೀಪದ ಹೊತ್ತು ಮಾತ್ರ. ಓಣಿಯ ಜನ ತನ್ನ ಪಡಸಾಲೆಗೆ ಬಂದದ್ದು ಅವಳಿಗೆ ಅಗದಿ ಇಷ್ಟವಾಗಿತ್ತು, ಅದನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳುವ ಆಸೆಯೂ ಇದ್ದಿರಬಹುದು. ಇದೂ ನನ್ನ ಊಹೆಯೇ.

ರೊಟ್ಟಿ ಬಂತು. ನನ್ನ ನೆನಪಿನಲ್ಲಿ ಹೆಣ್ಣುಮಕ್ಕಳು ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಸಾಲಾಗಿ ಓಣಿ ದಾಟುತ್ತಾರೆ. ವೈನಿ ಹೇಳುವುದು, ಟೊಮೆಟೊ ಕ್ರೇಟುಗಳಲ್ಲಿ ತುಂಬಿ ಎಳೆದುಕೊಂಡು ಬಂದೆವು ಎಂದು. ವೈನಿಯ ಮಾತೇ ಸರಿ ಇರಬೇಕು, ಬುಟ್ಟಿಗಳನ್ನು ನಾನು ಯಾವುದೋ ಕ್ಯಾಲೆಂಡರಿನಿಂದ ಕದ್ದಿರಬೇಕು. ಪಡಸಾಲೆಯಲ್ಲಿ ಎಲ್ಲರೂ ಸುತ್ತು ಕೂತು ಚೀಟಿ ಕತ್ತರಿಸಿದೆವು, ಹಚ್ಚಿದೆವು. ನಾನು ಹಚ್ಚಿದವು ಸೊಟ್ಟಗಾದವು. ದೊಡ್ಡವ್ವ ಅವನ್ನು ಬೇರೆ ಇಟ್ಟು, "ಇವು ಓದಿದಾವನ ಪಾಕೀಟು" ಎಂದಳು. ಮುರಿದ ರೊಟ್ಟಿ ಮಾರಾಟಕ್ಕೆ ಬಾರದು, ಅದಕ್ಕೆ ಅವ್ವ ಶೇಂಗಾ ಚಟ್ನಿ, ಗಟ್ಟಿ ಮೊಸರು ತಂದಿಟ್ಟಳು. ಮೊಸರು ಮನೆಯೊಳಗೇ ಹೊಟ್ಟೆ ಸೇರಿದರೆ ದೋಷವಿಲ್ಲ. ರೊಟ್ಟಿ ಮುರಿಯುವ ಸದ್ದು, ಪ್ರಿಂಟರಿನ ಸದ್ದು, ನಗು. ಒಂದು ಹಂತದಲ್ಲಿ ಮುರಿದ ರೊಟ್ಟಿ ತೀರಿಹೋಗಿ, ಯಾರೋ ಗಟ್ಟಿಯಾಗಿದ್ದ ಒಂದನ್ನು ಬೇಕೆಂದೇ ಕೆಳಗೆ ಬೀಳಿಸಿದರು. ಅದು ಅವ್ವನೇ.

ಪ್ರಿಂಟರ್ ಮತ್ತೆ ಓಣಿ ದಾಟಲಿಲ್ಲ. ಲಕ್ಷ್ಮಿ ಬರುವ ಹೊತ್ತಿಗೆ ಒಳಗೆ ಬಂದದ್ದನ್ನು ಕಳಿಸುವುದಿಲ್ಲ ಎಂದು ಅವ್ವ, ಇಲ್ಲೇ ಸಿಗ್ನಲ್ ಚೆನ್ನಾಗಿದೆ ಎಂದು ವೈನಿ. ಇಬ್ಬರೂ ಒಪ್ಪಿದ ಅಪರೂಪದ ಸಂಗತಿ. ಪಾಸ್‌ವರ್ಡ್ ಏನೆಂದು ಈಗ ನನಗೂ ಗೊತ್ತು. ಇಲ್ಲಿ ಬರೆಯುವುದಿಲ್ಲ, ಓದುತ್ತಿರುವವರು ಯಾವ ಹೊತ್ತಿನಲ್ಲಿ ಓದುತ್ತಿದ್ದೀರೋ.

ಮರುದಿನ ಬೆಳಗಿನ ಬಸ್‌ಸ್ಟ್ಯಾಂಡಿನ ವಿಷಯ. ನಾನು ಅಲ್ಲಿರಲಿಲ್ಲ, ಗೊರಕೆ ಹೊಡೆಯುತ್ತಿದ್ದೆ ಎಂದು ವೈನಿ ಹೇಳುತ್ತಾರೆ. ಹಾಗಾದರೆ ಮುಂದಿನದು ಅವರು ಹೇಳಿದ್ದೇ ಇರಬೇಕು. ಆದರೂ ನನಗೆ ಅದು ಕಾಣುತ್ತದೆ, ಅವರ ಚಪ್ಪಲಿಗೆ ಹತ್ತಿದ ಕರಿಮಣ್ಣಿನ ಸಮೇತ. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಡಬ್ಬಗಳನ್ನು ನೋಡಿ, "ಏನೈತ್ರಿ ಅಕ್ಕಾರ ಇದರಾಗ? ಒಡಿಯೂ ಸಾಮಾನ ಏನು?" ಎಂದ.

ವೈನಿ ಮೇಲಿನ ಒಂದು ಪಾಕೀಟು ತೆಗೆದು ಅವನ ಕೈಗಿಟ್ಟರು. "ಓದ್ರಿ."

ಅವನು ಟಿಕೀಟಿನ ಮೆಷಿನನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪಾಕೀಟನ್ನು ಬೆಳಕಿಗೆ ತಿರುಗಿಸಿ, ಬಸ್ಸಿನ ಕಿಟಕಿಗಳಿಗೆಲ್ಲ ಕೇಳುವಂತೆ ಓದಿದ. ಖಡಕ್ ಜೋಳದ ರೊಟ್ಟಿ, ಊರ ಹೆಸರು, ಮಾಡಿದ ದಿನ.

"ನಿನ್ನೀದ?" ಎಂದ.

"ನಿನ್ನೀದ" ಎಂದರು ವೈನಿ, ಬಸ್ಸು ಹತ್ತುತ್ತ.