ಒಂಬತ್ತು ಹೆಸರಿನ ಬಡಾವಣೆ

ಕಸ್ತೂರಿಬಾಯಿಗೆ ಹದಿನಾರು ದಿನದ ಪಗಾರ ಇನ್ನೂ ಬರಬೇಕು. ದಿನಕ್ಕೆ ಇಪ್ಪತ್ತೆಂಟರಂತೆ ನಾನೂರ ನಲವತ್ತೆಂಟು ರೂಪಾಯಿ. ಕೊಡಬೇಕಾದವನು ವಾಳೂಜಿನ ಕಾರ್ಖಾನೆಗಳಿಗೆ ಹೆಣ್ಣಾಳುಗಳನ್ನು ಒದಗಿಸುವ ಒಬ್ಬ ಗುತ್ತಿಗೆದಾರ. ಯಾಕೆ ಕೊಟ್ಟಿಲ್ಲ ಎಂದು ಕೇಳಿದರೆ ಅವಳು ವಾಸವಿರುವ ಜಾಗದಿಂದಲೇ ಹೇಳಬೇಕಾಗುತ್ತದೆ.

ಆ ಜಾಗಕ್ಕೆ ಬಾರಾ ಏಕರ್ ಅನ್ನುತ್ತಾರೆ. ಔರಂಗಾಬಾದಿನಿಂದ ವಾಳೂಜಿಗೆ ಹೋಗುವ ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗೆ, ಒಬ್ಬ ರೈತನ ಹನ್ನೆರಡು ಎಕರೆ ಎರೆಹೊಲ. ಎಂಬತ್ತನಾಲ್ಕರಲ್ಲಿ ಅವನು ಅದನ್ನು ಅರ್ಧರ್ಧ ಗುಂಟೆಯ ತುಂಡು ಮಾಡಿ, ಬಾಂಡ್ ಪೇಪರಿನ ಮೇಲೆ ಮಾರಿದ. ಕೊಂಡವರಲ್ಲಿ ಬಹಳ ಜನ ಬೀದರ, ಭಾಲ್ಕಿ, ಔರಾದ ಕಡೆಯವರು. ಅಗ್ಗ ಅಂತ ಕೊಂಡರು. ಅಗ್ಗ ಯಾಕೆಂದರೆ ರಸ್ತೆ ಇರಲಿಲ್ಲ. ನಳ, ಗಟಾರ, ಬೀದಿದೀಪ ಇವೂ ಇರಲಿಲ್ಲ. ತಗಡಿನ ಮನೆಗಳು ಎದ್ದವು, ಕೆಲವು ಕಡೆ ಇಟ್ಟಿಗೆಯವೂ ಎದ್ದವು. ಜನ ಎರಡು ಸಾವಿರ ದಾಟಿತು. ರಸ್ತೆ ಮಾತ್ರ ಹುಟ್ಟಲಿಲ್ಲ.

ಕಸ್ತೂರಿಬಾಯಿ ಬೆಳಗಿನ ಐದೂ ಕಾಲಿಗೆ ಮನೆ ಬಿಡುತ್ತಿದ್ದಳು. ಅವಳ ಗಂಡ ವೈಜನಾಥ ಸೈಕಲ್ಲಿನ ಮೇಲೆ ಚಿಕಲ್‌ಠಾಣಾದ ಕಡೆ ಹೋಗುವವನು. ಅದು ಊರಿನ ಇನ್ನೊಂದು ತುದಿ, ಅವನ ಸೈಕಲ್ಲಿನಿಂದ ಅವಳಿಗೆ ಉಪಯೋಗವಿಲ್ಲ. ಹೆದ್ದಾರಿಗೆ ಮುಕ್ಕಾಲು ಗಂಟೆ ನಡಿಗೆ. ಮಳೆಗಾಲದಲ್ಲಿ ಒಂದು ಗಂಟೆ, ಯಾಕೆಂದರೆ ಎರೆಮಣ್ಣು ಪಾದಕ್ಕೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡೆರಡು ಸೇರು ಹೆಚ್ಚು ತೂಗುತ್ತದೆ. ಹೆಂಗಸರು ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಡೆಯುತ್ತಿದ್ದರು. ಹೆದ್ದಾರಿ ಬದಿಯಲ್ಲಿ ಸದಾನಂದನ ಸೈಕಲ್ ಅಂಗಡಿ. ಅವನು ಪಂಕ್ಚರ್ ನೋಡಲು ನೀರು ತುಂಬಿಟ್ಟ ಅರ್ಧ ಡ್ರಮ್ಮಿನಲ್ಲಿ ಎಲ್ಲರೂ ಕಾಲು ತೊಳೆಯುವುದು.

"ಏ ಬಾಯಿ, ನಾ ನೀರ ಇಡೋದು ಟ್ಯೂಬ್ ನೋಡ್ಲಕ. ನಿಮ್ಮ ಕಾಲ ತೊಳಿಲಕ ಅಲ್ಲ," ಎಂದು ಸದಾನಂದ ದಿನಾ ಕೂಗುವನು.

"ನಿನ್ನ ಟ್ಯೂಬಿನಕಿಂತ ನಮ್ಮ ಹಿಮ್ಮಡಿದಾಗ ತೂತ ಭಾಳ ಅವ, ತಮ್ಮಾ. ನೋಡ್ತಿ ಏನು?" ಎಂದು ನೆರೆಮನೆಯ ಈರಮ್ಮ ಕಾಲು ಎತ್ತಿ ತೋರಿಸುವಳು. ಅಲ್ಲಿಗೆ ಆ ಜಗಳ ಮುಗಿಯುತ್ತಿತ್ತು.

ಆರೂ ಇಪ್ಪತ್ತರ ಬಸ್ಸು ಊರಿನಿಂದಲೇ ತುಂಬಿ ಬರುತ್ತಿತ್ತು. ಮನಸ್ಸಿದ್ದರೆ ನಿಲ್ಲುವುದು, ಇಲ್ಲದಿದ್ದರೆ ಕೆಸರು ಹಾರಿಸಿ ಹೋಗುವುದು. ಏಳಕ್ಕೆ ಕಾರ್ಖಾನೆಯ ಗೇಟು. ಗುತ್ತಿಗೆದಾರನ ಕಾಯಿದೆ ಹೀಗಿತ್ತು: ಐದು ನಿಮಿಷ ತಡವಾದರೆ ಅರ್ಧ ದಿನ ಕಡಿತ, ತಿಂಗಳಿಗೆ ಮೂರು ಸಲ ತಡವಾದರೆ, ಇಲ್ಲವೆ ಹೇಳದೆ ಎರಡು ದಿನ ತಪ್ಪಿಸಿದರೆ, ಬಿಲ್ಲೆ ಕಿತ್ತುಕೊಳ್ಳುವುದು. ಬಿಲ್ಲೆ ಅಂದರೆ ನಂಬರು ಕೆತ್ತಿದ ಹಿತ್ತಾಳೆ ತುಂಡು. ಅದಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ.

ತೊಂಬತ್ತಮೂರರ ಮಳೆಗಾಲದಲ್ಲಿ ಕಸ್ತೂರಿಬಾಯಿ ಪ್ರತಿ ತಿಂಗಳೂ ಎರಡನೆಯ ತಡದ ಮೇಲೆ ತೂಗಾಡುತ್ತಿದ್ದಳು. ಬಸ್ಸು ಬಾರಾ ಏಕರಿನೊಳಗೆ ಬಂದರೆ ಮಾತ್ರ ತನ್ನ ಬಿಲ್ಲೆ ಉಳಿಯುತ್ತದೆ ಅನ್ನುವುದು ಅವಳಿಗೆ ತಿಳಿಯಿತು. ಬಸ್ಸು ತರಬೇಕು ಅಂದಳು. ಗಂಡಸರು ನಕ್ಕರು. ಆದರೆ ಅರ್ಜಿಗೆ ಸಹಿ ಹಾಕಿದರು, ಸಹಿಗೆ ದುಡ್ಡು ಬೀಳುವುದಿಲ್ಲವಲ್ಲ.

ಅರ್ಜಿ ಬರೆದುಕೊಟ್ಟವರು ರಘೋತ್ತಮರಾಯರು, ನಾಸಿಕದಿಂದ ವರ್ಗವಾಗಿ ಬಂದ ಬ್ಯಾಂಕಿನ ಗುಮಾಸ್ತರು. ಈರಮ್ಮ ಅವರ ಮನೆಯಲ್ಲಿ ಭಾನುವಾರ ಬಟ್ಟೆ ಒಗೆಯುತ್ತಿದ್ದಳು. ರಾಯರು ಶುದ್ಧ ಮರಾಠಿಯಲ್ಲಿ ಎರಡು ಪುಟ ಬರೆದು, ಕೆಳಗೆ ಗೆರೆ ಎಳೆದು, ಹೆಸರು, ಪತ್ತಾ, ಸಹಿ ಎಂದು ಮೂರು ಕಾಲಮ್ಮು ಮಾಡಿಕೊಟ್ಟರು. ಮುನ್ನೂರ ಹನ್ನೆರಡು ಸಹಿ, ಹೆಬ್ಬೆಟ್ಟು ಕೂಡಿದವು. ಕಸ್ತೂರಿಬಾಯಿ ಅರ್ಧ ದಿನದ ಪಗಾರ ಬಿಟ್ಟು ಬಸ್ಸಿನ ಡಿಪೋಕ್ಕೆ ಹೋದಳು.

ಡಿಪೋದ ಗುಮಾಸ್ತ ಹಾಳೆ ಮಗುಚಿದ. ಇನ್ನೊಂದು ಹಾಳೆ ಮಗುಚಿದ. ಆಮೇಲೆ ಪಕ್ಕದವನನ್ನು ಕರೆದು ತೋರಿಸಿದ. ಇಬ್ಬರೂ ನಗತೊಡಗಿದರು.

"ಬಾಯಿ, ಇದರಲ್ಲಿ ಎಲ್ಲರೂ ಮುಕ್ಕಾಂ ಪೋಸ್ಟ್ ಇಂಥಾ ಊರು, ತಾಲೂಕು ಭಾಲ್ಕಿ, ಜಿಲ್ಲಾ ಬೀದರ ಅಂತ ಬರೆದಿದ್ದಾರೆ. ಭಾಲ್ಕಿಗೆ ಬಸ್ಸು ಬೇಕಾದರೆ ಭಾಲ್ಕಿ ಡಿಪೋಕ್ಕೆ ಹೋಗಬೇಕು," ಎಂದು ಮರಾಠಿಯಲ್ಲಿ ಅಂದ.

ತಪ್ಪು ರಾಯರದಲ್ಲ. ಹತ್ತು ವರ್ಷದಿಂದ ಬಾರಾ ಏಕರಿನಲ್ಲಿ ಉಂಡು ಮಲಗಿ ಮಕ್ಕಳನ್ನು ಹೆತ್ತ ಜನ, ಯಾವ ಕಾಗದ ಪತ್ತಾ ಕೇಳಿದರೂ ಬಿಟ್ಟು ಬಂದ ಊರನ್ನೇ ಬರೆಯುತ್ತಿದ್ದರು. ಕಸ್ತೂರಿಬಾಯಿ ಹೆಬ್ಬೆಟ್ಟು ಒತ್ತಿ ಹೇಳಿ ಬರೆಸಿದ್ದೂ ಅದೇ.

ಗುಮಾಸ್ತ ಕೆಟ್ಟವನಲ್ಲ. ಎದ್ದು ಹೋಗಿ ಪಕ್ಕದ ಕಚೇರಿಯಿಂದ ಮತದಾರರ ಪಟ್ಟಿ ತಂದು ಬೆರಳಿಟ್ಟು ನೋಡಿದ. ಬಾರಾ ಏಕರಿನಲ್ಲಿ ಒಂಬತ್ತು ಹೆಸರು. ಅದರಲ್ಲಿ ನಾಲ್ಕು ಹೊಲ ಮಾರಿದ ರೈತನ ಮನೆಯವರದು. "ನೂರು ಹೆಸರಾದರೂ ತೋರಿಸಿ. ಸಾಹೇಬರ ಮುಂದೆ ನಾನೇ ಇಡುತ್ತೇನೆ."

ಆ ರಾತ್ರಿ ಮನೆಯಲ್ಲಿ ಮಾತಾಯಿತು. ರೇಷನ್ ಕಾರ್ಡಿನಲ್ಲಿ, ಮತಪಟ್ಟಿಯಲ್ಲಿ ಎಲ್ಲರ ಹೆಸರೂ ಊರಲ್ಲಿ. ಚುನಾವಣೆ ಬಂತೆಂದರೆ ಆ ಕಡೆಯ ಉಮೇದುವಾರರು ಲಾರಿ ಕಳಿಸುತ್ತಿದ್ದರು. ಲಾರಿ ಎರೆಮಣ್ಣು ಲೆಕ್ಕಿಸದೆ ಬಾರಾ ಏಕರಿನ ನಡುಮಧ್ಯ ಬಂದು ನಿಲ್ಲುತ್ತಿತ್ತು. ಪುಕ್ಕಟೆ ಪ್ರಯಾಣ, ಎರಡು ಊಟ, ನೆಂಟರ ಮುಖ. ಅದನ್ನು ಯಾರು ಬಿಟ್ಟಾರು?

"ಹೆಸರ ತೆಗಸಿದ್ರ ಊರಾಗ ನಮ್ಮನ್ ಯಾರ್ ಕೇಳ್ತಾರ?" ಎಂದ ವೈಜನಾಥ.

"ಈಗ ಯಾರ್ ಕೇಳ್ಲತ್ತಾರ? ಐದ ವರ್ಷಕ್ ಒಮ್ಮಿ ಲಾರಿ ಕೇಳ್ತದ."

"ಊರಾಗಿನ ಅಣ್ಣ ಒಪ್ಪಲ್ಲ."

"ನಡೆಯೋದು ಅಣ್ಣನ ಕಾಲಲ್ಲ ಹೌದಿಲ್ಲೊ?"

ಅವಳು ಒಬ್ಬಳೇ ಹೊರಟಳು. ಆಳುಗಳ ಹಾಜರಿ ಹಿಡಿಯುವ ಗುತ್ತಿಗೆದಾರನ ಮುಕಾದಮನಿಗೆ ಹೇಳಿ ಹೋಗಲು ನೋಡಿದಳು. ಅವನು ರಜೆಯ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಲಾತೂರು, ಉದಗೀರ ಎಂದು ಬಸ್ಸು ಬದಲಿಸಿ ಭಾಲ್ಕಿ ತಾಲೂಕಿನ ತನ್ನ ಗಂಡನ ಊರು ಮುಟ್ಟಿದಳು. ಭಾವ ಚನಬಸಪ್ಪ ಕಟ್ಟೆಯ ಮೇಲೆ ಕೂತಿದ್ದ. ಮನೆಯ ಕಾರ್ಡು ಅವನ ಟ್ರಂಕಿನಲ್ಲಿತ್ತು. ವೈಜನಾಥ, ಕಸ್ತೂರಿಬಾಯಿ, ಎರಡು ಮಕ್ಕಳು, ನಾಲ್ಕೂ ಹೆಸರಿನ ಸಕ್ಕರೆ, ಸೀಮೆಎಣ್ಣೆ ಅವನೇ ತರುತ್ತಿದ್ದ.

"ಪಾಲ ಕೇಳ್ಲಕ್ ಬಂದೀ ಏನು?" ಎಂದ, ಅವಳು ಚೀಲ ಇಳಿಸುವ ಮೊದಲೇ.

"ಇಲ್ರಿ ಭಾವಾ. ನನ್ನ ಹೆಸರ ತೆಗಿಸ್ಲಕ ಬಂದೀನಿ. ಅಲ್ಲಿ ಬರಸ್ತೀನಿ."

ಚನಬಸಪ್ಪ ಎದ್ದು ಬಾಯಿಯ ಎಲೆ ಉಗುಳಿ ಬಂದ. "ಕಾರ್ಡಿನಾಗ ಹೆಸರ ಹೋಯ್ತಂದ್ರ ನಾಳಿ ಹೊಲದಾಗ ನಿಂದೇನೂ ಇಲ್ಲ, ನೋಡು."

"ಹೊಲ ನನ್ನ ಹೆಸರಿಲೆ ಯಾವಾಗ ಇತ್ರಿ?"

"ಮಂದಿ ಏನಂತಾರ? ಸೊಸಿ ಮನಿ ಬಿಟ್ಳು ಅಂತಾರ."

"ಒಂಬತ್ತ ವರ್ಷ ನನ್ನ ಹೆಸರಿನ ಸಕ್ಕರಿ ತಂದ್ರಲ್ರಿ. ಮಂದಿ ಬಂದ್ರ ಅದ್ರಾಗಿನ ಚಹಾ ಕುಡಿಸ್ರಿ."

ಒಳಗಿನಿಂದ ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಕೇಳಿಸಿತು. ಭಾವ ಕಾರ್ಡು ಕೊಟ್ಟ. ಕೊಡಲು ಒಂದು ದಿನ ಸತಾಯಿಸಿದ. ತಹಶೀಲಿನಲ್ಲಿ ಇನ್ನೊಂದು ದಿನ ಹೋಯಿತು. ಹೆಸರು ಕಡಿಮೆ ಮಾಡಿದ ದಾಖಲೆ ಕೈಗೆ ಬಂದಾಗ ಅವಳಿಗೆ ಅಳುವೂ ಬರಲಿಲ್ಲ, ನಗೆಯೂ ಬರಲಿಲ್ಲ. ಕಾಗದವನ್ನು ಒದ್ದೆಯಾಗದಂತೆ ಚಪ್ಪಲಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಪ್ಪಸದಲ್ಲಿಟ್ಟಳು.

ಐದನೆಯ ದಿನ ಗೇಟಿಗೆ ಹೋದರೆ ಮುಕಾದಮ ಬಿಲ್ಲೆಗೆ ಕೈಯೊಡ್ಡಿದ. ಆ ತಿಂಗಳು ಅದುವರೆಗೆ ದುಡಿದ ಹದಿನಾರು ದಿನದ ಪಗಾರ ಕೇಳಿದಳು. ಶನಿವಾರ ಬಾ ಅಂದ. ಆಮೇಲೆ ಎಷ್ಟು ಶನಿವಾರ ಬಂದವೋ ಅವಳು ಎಣಿಸುವುದನ್ನು ಬಿಟ್ಟಳು. ಈಗ ಅದೇ ವಾಳೂಜಿನ ಇನ್ನೊಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾಳೆ. ದಿನಕ್ಕೆ ಇಪ್ಪತ್ತೆರಡು. ಗೇಟು ಮಾತ್ರ ಅದೇ ಏಳು ಗಂಟೆಗೆ.

ಹೊಸ ಕಾರ್ಡು ಆಯಿತು. ಮತಪಟ್ಟಿಯಲ್ಲಿ ಹತ್ತನೆಯ ಹೆಸರು ಅವಳದು. ಮೊದಮೊದಲು ಬಾವಿಯ ಹತ್ತಿರ ಹೆಂಗಸರು, "ಊರ ಕಳಕೊಂಡಾಕಿ ಬಂದ್ಳು" ಎಂದು ಆಡಿಕೊಂಡರು. ಆಮೇಲೆ ಈರಮ್ಮ ಹೋಗಿಬಂದಳು. ಅವಳ ಹಿಂದೆ ಅದೇ ಓಣಿಯ ಪ್ರೇಮಾಬಾಯಿ ಮತ್ತು ಪ್ರೇಮಾಬಾಯಿಯ ಸೊಸೆ. ಒಬ್ಬೊಬ್ಬರೂ ಎರಡು ಮೂರು ದಿನದ ಪಗಾರ ಬಿಟ್ಟು, ಭಾವ ಮೈದುನರ ಬಾಯಿ ಕೇಳಿ, ಹೆಸರು ಕಿತ್ತು ತಂದರು. ಹೋದವರೆಲ್ಲ ಹೆಚ್ಚುಕಡಿಮೆ ಹೆಂಗಸರೇ. ವೈಜನಾಥನ ಹೆಸರು ಇನ್ನೂ ಊರಲ್ಲೇ ಇದೆ. ಮುಂದಿನ ಚುನಾವಣೆಯ ಲಾರಿಗೆ ಹೋಗಿಬಂದು ನೋಡೋಣ ಅನ್ನುತ್ತಾನೆ.

ತೊಂಬತ್ತೈದರ ಮಳೆಗಾಲ ಶುರುವಾಗಿದೆ. ಕಸ್ತೂರಿಬಾಯಿ ಹೊಸ ಪಟ್ಟಿ ಹಿಡಿದು ಡಿಪೋಕ್ಕೆ ಹೋಗಿದ್ದಳು. ಅದೇ ಗುಮಾಸ್ತ ಎಣಿಸಿದ. ನಲವತ್ತಮೂರು. ನೂರಕ್ಕೆ ಐವತ್ತೇಳು ಕಡಿಮೆ. ಎರಡು ಸಾವಿರ ಜೋಡಿ ಕಾಲು ಕಣ್ಣೆದುರೇ ಕೆಸರು ತುಳಿಯುತ್ತಿದ್ದರೂ ಡಿಪೋದವರಿಗೆ ಕಾಲು ಲೆಕ್ಕಕ್ಕಿಲ್ಲ, ಹೆಸರು ಬೇಕು. ಅದು ಅನ್ಯಾಯವೇ. ಆದರೆ ಅನ್ಯಾಯ ಅಂತ ಕೂಗುವುದಕ್ಕೂ ಕೂಗುವವರು ಇಲ್ಲಿಯವರಾಗಿರಬೇಕಾಗುತ್ತದೆ.

ಇದನ್ನು ಓದುತ್ತಿರುವ ನೀವು ಬಾರಾ ಏಕರಿನವರಾಗಿರಬಹುದು, ಅಥವಾ ಇಂಥದೇ ಬೇರೆ ಕಡೆ ಪರವೂರಿನಲ್ಲಿ ದುಡಿದು ಉಣ್ಣುವವರಾಗಿರಬಹುದು. ನಿಮ್ಮ ಹೆಸರು ಎಲ್ಲಿದೆ? ಬಿಟ್ಟು ಬಂದ ಊರಲ್ಲಿದ್ದರೆ ಈ ವಾರ ಎರಡು ದಿನದ ಪಗಾರ ಬಿಡಿ, ಹೋಗಿ ಅದನ್ನು ಕಿತ್ತು ತನ್ನಿ, ಇರುವ ಕಡೆ ಬರೆಸಿ. ಆಮೇಲೆ ಡಿಪೋದ ಬಾಗಿಲಿಗೆ ಬಂದು ಕಸ್ತೂರಿಬಾಯಿಯ ಪಕ್ಕ ನಿಲ್ಲಿ.