ಸೂಜಿಯಕ್ಕನ ಗಾಡಿಗೆ ಹತ್ತಿದ ಜಿಗಣೆ

ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ ಆ ನರ್ಸಮ್ಮನನ್ನು ಬೀದಿಯವರೆಲ್ಲ ಸೂಜಿಯಕ್ಕ ಎನ್ನುತ್ತಿದ್ದರು. ಗಂಡ ದರ್ಜಿ. ಇಬ್ಬರ ಹೊಟ್ಟೆಪಾಡೂ ಸೂಜಿಯಿಂದಲೇ. ಆದರೆ ಅವನದು ಕೂತಲ್ಲೇ ಕೂರುವ ಕೆಲಸ, ಇವಳ ಕಾಲಲ್ಲಿ ಚಕ್ರ. ಅಪ್ಪ ಓಡಿಸಿ ಸವೆಸಿ ಕೊಟ್ಟ ಹಳೆಯ ಮೋಟಾರ್‌ಸೈಕಲ್ ಹತ್ತಿದರೆ ಅವಳಿಗೆ ಐವತ್ತು ದಾಟಿದ್ದೇ ಮರೆತುಹೋಗುತ್ತಿತ್ತು.

ಮಂಡಿ ಆಪರೇಷನ್ ಆದಮೇಲೆ ಕಿಕ್ ಹೊಡೆಯುವ ಹಾಗಿರಲಿಲ್ಲ, ಬಟನ್ನೇ ಗತಿ. ಬ್ಯಾಟರಿಯೋ, ಸಂಜೆ ಗಟ್ಟಿಮುಟ್ಟಾಗಿದ್ದದ್ದು ಬೆಳಿಗ್ಗೆ ಹೆಣ. ಹೊಸದು ಹಾಕಿಸಿದರೂ ಅದೇ ಕತೆ. ದಿನಾ ದರ್ಜಿಯೇ ತಳ್ಳಬೇಕು. ಸೊಂಟ ಹಿಡಿದ ಮೇಲೆ ಅವನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ: "ಇದನ್ನ ಮಾರೋಣ. ನೀನು ಕ್ಲಿನಿಕ್ಕಲ್ಲೇ ಕೂತು ಇಂಜೆಕ್ಷನ್ ಕೊಡು." ಕೊಳ್ಳುವವನೂ ಸಿಕ್ಕಿದ. ಇವತ್ತು ಮಧ್ಯಾಹ್ನವೇ ಬರುವವನಿದ್ದ.

ಕ್ಲಿನಿಕ್ಕಿನ ಕಿಟಕಿಯಿಲ್ಲದ ಕೋಣೆ ನೆನೆದೇ ಅವಳಿಗೆ ಉಸಿರು ಕಟ್ಟಿತು. ಬೆಳಿಗ್ಗೆಯೇ ಬ್ಯಾಟರಿ ಚಾರ್ಜ್ ಮಾಡಿಸಿ ತಂದು, ಹಠ ಹಿಡಿದು ಸೀಟು ಬಿಚ್ಚಿದಳು.

ಉಪಾಯ ಮೆಕ್ಯಾನಿಕ್ ಹೇಳಿಕೊಟ್ಟದ್ದು: ಬ್ಯಾಟರಿಯ ಒಂದು ವೈರು ಬಿಚ್ಚಿ ನಡುವೆ ಪುಟ್ಟ ಬಲ್ಬು ಸೇರಿಸಬೇಕು. ಕೀಲಿ ಆಫ್ ಇದ್ದೂ ಬಲ್ಬು ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ. ಅವನು ನೋಡಿದಾಗ ಉರಿದಿರಲಿಲ್ಲ. ಅವಳೂ ಹಾಗೇ ಬಲ್ಬು ಸೇರಿಸಿ, ಹಾರ್ನಿನದು, ದೀಪದ್ದು, ಸಿಕ್ಕ ಸಿಕ್ಕ ವೈರನ್ನೆಲ್ಲ ಅಲುಗಾಡಿಸಿದಳು. ಬಲ್ಬು ಜಪ್ಪಯ್ಯ ಅಂದರೂ ಉರಿಯಲಿಲ್ಲ.

"ಬಿಡೇ, ಗಾಡಿ ಕೊಳ್ಳೋನು ಬರೋ ಹೊತ್ತಾಯ್ತು," ಎಂದ ದರ್ಜಿ ಬಾಗಿಲಿಂದ.

ಕೈಚೆಲ್ಲಿ ಎದ್ದಳು. ಗಾಡಿ ಬಿಟ್ಟು ಹೋಗುವಾಗ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಬೀಗ ಹಾಕುವುದು ಅವಳ ಹಳೆಯ ಚಾಳಿ. ಕೈ ತೊಳೆಯಲು ಹೋಗುವ ಮುನ್ನವೂ ಹಾಗೇ ಮಾಡಿದಳು.

"ಏಯ್, ಉರೀತು ಕಣೇ!" ದರ್ಜಿ ಕೂಗಿದ.

ಬಲ್ಬಿನೊಳಗೆ ಕೆಂಪು ಎಳೆಯೊಂದು ಮಿನುಗುತ್ತಿತ್ತು. ಅವಳು ತಟ್ಟನೆ ಬೀಗ ತೆಗೆದಳು. ಹ್ಯಾಂಡಲ್ ನೇರ ಮಾಡಿದಳು, ಆರಿತು. ಎಡಕ್ಕೆ ತಿರುಗಿಸಿದಳು, ಉರಿಯಿತು! "ಇನ್ನೊಂದ್ಸಲ, ಇನ್ನೊಂದ್ಸಲ!" ಎಂದು ದರ್ಜಿ ಸೊಂಟನೋವು ಮರೆತು ಕುಕ್ಕರಗಾಲಲ್ಲಿ ಕೂತ. ಮೆಕ್ಯಾನಿಕ್ ಯಾವಾಗಲೂ ಹ್ಯಾಂಡಲ್ ನೇರ ಇಟ್ಟೇ ನೋಡಿದ್ದ. ರಾತ್ರಿಯಿಡೀ ಗಾಡಿ ನಿಲ್ಲುತ್ತಿದ್ದದ್ದು ಮಾತ್ರ ಎಡಕ್ಕೆ ಕತ್ತು ಹೊರಳಿಸಿ.

ಟ್ಯಾಂಕಿನ ಕೆಳಗೆ, ಕೀಲಿಗೆ ಹೋಗುವ ವೈರಿನ ಸಿಪ್ಪೆ ಉಜ್ಜಿ ಸವೆದಿತ್ತು. ಹ್ಯಾಂಡಲ್ ಎಡಕ್ಕೆ ಹೊರಳಿದಾಗಷ್ಟೇ ಅದು ತುಕ್ಕು ಹಿಡಿದ ಕಬ್ಬಿಣಕ್ಕೆ ತಾಗಿ, ಕರೆಂಟು ಸ್ವಲ್ಪಸ್ವಲ್ಪವೇ ಸೋರುತ್ತಿತ್ತು.

"ಕಳ್ಳರ ಭಯಕ್ಕೆ ಬೀಗ ಹಾಕಿದ್ರೆ ಬೇಲಿನೇ ಎದ್ದು ಹೊಲ ಮೇಯ್ತಿತ್ತಲ್ರೀ!" ಅವಳಿಗೆ ನಗು ತಡೆಯಲಾಗಲಿಲ್ಲ.

ವೈರಿಗೆ ಟೇಪು ಸುತ್ತಿದಳು. ಬಲ್ಬು ತೆಗೆದು ಬ್ಯಾಟರಿ ಜೋಡಿಸಿ ಸೀಟು ಕೂರಿಸಿದಳು, ಹತ್ತಿ ಕೂತು ಬಟನ್ ಒತ್ತಿದಳು. ಗಾಡಿ ಗುಡುಗಿತು. ಖುಷಿಗೆ ಅವಳ ಕಣ್ಣಲ್ಲಿ ನೀರೇ ಬಂತು.

ಕೊಳ್ಳುವವನು ಆಗಲೇ ಬಂದು ನಿಂತಿದ್ದ. "ಒಳ್ಳೇದಾಯ್ತು, ಓಡಿಸ್ಕೊಂಡೇ ಹೋಗ್ತೀನಿ," ಎಂದ.

ಸೂಜಿಯಕ್ಕ ಗಂಡನ ಮುಖ ನೋಡಿದಳು.

"ಕೊಡೋದಿಲ್ಲಪ್ಪ," ಎಂದ ದರ್ಜಿ.

"ಮಾತಾಗಿತ್ತಲ್ಲ ಯಜಮಾನ್ರೇ?"

"ಆಗಿತ್ತು. ಮಾತು ನಂದು, ಗಾಡಿ ಇವಳದು." ಆಮೇಲೆ ಹೆಂಡತಿಯ ಕಡೆ ತಿರುಗಿದ. "ಸ್ವಲ್ಪ ಮುಂದೆ ಸರಿ. ಇಷ್ಟು ದಿನ ತಳ್ಳಿದ್ದೇ ಬಂತು, ಒಂದ್ಸಲನಾದ್ರೂ ಹಿಂದೆ ಕೂತಿದ್ದೀನಾ?"