ಜೇಬಮ್ಮ ಮ್ಯೂಸಿಯಮ್ಮಿಗೆ ಹೋದ ಭಾನುವಾರ

ಬೀದಿಯವರೆಲ್ಲ ಅವಳನ್ನು ಜೇಬಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆ ಹೊಲಿಯುವುದು ಅವಳ ಕಸುಬು, ಜೇಬು ಅವಳ ಹುಚ್ಚು. ಮಕ್ಕಳ ಅಂಗಿ ಅವಳ ಮಿಷನ್ನಿನಿಂದ ಇಳಿಯಿತೆಂದರೆ ಎಡಗಡೆ ಒಳಮಗ್ಗುಲಲ್ಲಿ ಒಂದು ಪುಟ್ಟ ಜೇಬು ಇದ್ದೇ ಇರಬೇಕು, ನೀವು ಕೇಳಿದರೂ ಸರಿ, ಕೇಳದಿದ್ದರೂ ಸರಿ. ಕರ್ಚೀಫು ಕಳೆದುಕೊಂಡು ತೋಳಿಗೆ ಮೂಗು ಒರೆಸುವ ಮಕ್ಕಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇಡ ಎಂದ ತಾಯಂದಿರೂ ಇದ್ದರು. ಅವರ ಮಕ್ಕಳ ಅಂಗಿಗೂ ಜೇಬು ಬಿದ್ದಿತ್ತೆನ್ನಿ.

ಇಂಥವಳಿಗೆ ಹೋದ ವರ್ಷ ಒಂದು ದೊಡ್ಡ ಕೆಲಸ ಸಿಕ್ಕಿತು. ಊರಿನ ಮ್ಯೂಸಿಯಮ್ಮಿನಲ್ಲಿ ನೂರು ವರ್ಷದ ಹಿಂದಿನ ಒಂದು ಮನೆಯನ್ನು ಇದ್ದ ಹಾಗೇ ಕಟ್ಟಿ ನಿಲ್ಲಿಸುತ್ತಾರಂತೆ, ಅದರೊಳಗೆ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಏಳು ಪ್ಲಾಸ್ಟರ್ ಗೊಂಬೆಗಳಿರುತ್ತವಂತೆ. ಗುತ್ತಿಗೆ ಹಿಡಿದಿದ್ದ ಕಂಟ್ರಾಕ್ಟರು ಏಳು ಜನದ ಬಟ್ಟೆಯನ್ನೂ ಜೇಬಮ್ಮನ ತಲೆಗೆ ಕಟ್ಟಿದ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಅವನ ಶೆಡ್ಡಿಗೇ ಹೋಗಿ ಒಂದು ತಿಂಗಳು ಹೊಲಿದಳು. ಗೊಂಬೆಗಳಿಗಿನ್ನೂ ತಲೆ ಕೂರಿಸಿರಲಿಲ್ಲ. ತಲೆಯಿಲ್ಲದವರ ಎದೆಗೆ ಟೇಪು ಸುತ್ತುವಾಗ ಮೊದಲೆರಡು ದಿನ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು, ಮೂರನೆಯ ದಿನದಿಂದ ಹಾಯಾಯಿತು. ಅಲ್ಲಿ ಬಿಗಿ, ಇಲ್ಲಿ ಸಡಿಲ ಎಂದು ತಕರಾರು ಮಾಡದ ಗಿರಾಕಿಗಳು ಯಾರಿಗೆ ಸಿಗುತ್ತಾರೆ ಹೇಳಿ. ಅವರ ಕೈ ಬಗ್ಗುವುದಿಲ್ಲವಲ್ಲ, ಅದಕ್ಕೇ ಅಂಗಿಗಳನ್ನೆಲ್ಲ ಬೆನ್ನಿನ ಕಡೆ ಸೀಳಿ, ಹಿಂದಿನಿಂದ ದಾರ ಕಟ್ಟುವ ಹಾಗೆ ಮಾಡಿದಳು. ಮ್ಯೂಸಿಯಮ್ಮಿನ ಮೇಡಂ ಬರೆದು ಕಳಿಸಿದ್ದ ಚೀಟಿಯಲ್ಲಿ ಜಿಪ್ ಬೇಡ, ಪ್ಲಾಸ್ಟಿಕ್ ಗುಂಡಿ ಬೇಡ, ಜೇಬಂತೂ ಬೇಡವೇ ಬೇಡ, ಆ ಮನೆಯವರ ಅಂಗಿಗೆ ಜೇಬಿರಲಿಲ್ಲ ಎಂದಿತ್ತು. ಜೇಬಮ್ಮ ಹಲ್ಲು ಕಚ್ಚಿಕೊಂಡು ಒಪ್ಪಿದಳು.

ಅವಳ ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಲಾಯರಮ್ಮ ಎಂದು ಹೆಸರು. ಏನು ಹೇಳಿದರೂ ಸಾಕ್ಷಿ ಎಲ್ಲಿ ಎಂದು ಕೇಳುವ ಹುಡುಗಿ ಅದು. ಆದರೆ ಅಮ್ಮನ ಮಾತನ್ನು ಮಾತ್ರ ಹಿಂದೆ ಮುಂದೆ ನೋಡದೆ ನಂಬಿ, ಮ್ಯೂಸಿಯಮ್ಮಿನ ಬಟ್ಟೆ ನಮ್ಮಮ್ಮ ಹೊಲಿದಿದ್ದು ಎಂದು ಕ್ಲಾಸಿನಲ್ಲೆಲ್ಲ ಡಂಗುರ ಹೊಡೆದಿದ್ದಳು. ಆ ಮನೆ ಇಟ್ಟ ಮ್ಯೂಸಿಯಮ್ಮಿನ ಹೊಸ ಹಾಲ್ ತೆರೆದ ವಾರವೇ ಕ್ಲಾಸಿನ ಒಬ್ಬಳು ಹೋಗಿ ನೋಡಿ ಬಂದು, ಅಲ್ಲಿ ನಿಮ್ಮಮ್ಮನ ಹೆಸರೇ ಇಲ್ಲ, ಸುಳ್ಳುಬುರುಕಿ ಎಂದುಬಿಟ್ಟಳು. ಮಗಳು ಮುಖ ಊದಿಸಿಕೊಂಡು ಮನೆಗೆ ಬಂದವಳು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಅದಕ್ಕೇ ಈ ಭಾನುವಾರದ ಸವಾರಿ.

ಜೇಬಮ್ಮನ ಗಂಡ ಬಸ್ ಡ್ರೈವರ್. ವಾರದ ಆರು ದಿನ ಕೂತೇ ದುಡಿಯುವ ಮನುಷ್ಯ ಏಳನೆಯ ದಿನವಾದರೂ ನಾಲ್ಕು ಹೆಜ್ಜೆ ನಡೆಯಬಾರದೇ? ಎಲ್ಲೆಲ್ಲಿ ಬೆಂಚು ಕಂಡಿತೋ ಅಲ್ಲೆಲ್ಲ ಸ್ಟಾಪು ಕೊಟ್ಟ. ನಾಲ್ಕು ವರ್ಷದ ಮಗ ಗುಂಡನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಿಮಿಂಗಿಲದ ಎಲುಬನ್ನು ನೋಡಿ ಇದರ ಮಾಂಸ ಯಾರು ತಿಂದ್ರು ಎಂದು ಕೇಳಿದ. ಹಳೆಯ ನಾಣ್ಯಗಳ ಗಾಜಿಗೆ ಮೂಗು ಒತ್ತಿ ಹಬೆ ಹಿಡಿಸಿದ. ಎರಡು ಸಲ ಒಂದಕ್ಕೆ ಎಂದ, ಎರಡು ಸಲವೂ ಬರಲಿಲ್ಲ.

ಕೊನೆಗೆ ಹೊಸ ಹಾಲಿಗೆ ಬಂದರು. ತನ್ನ ಏಳು ಜನರಿಗೆ ಮುಖ ಬಂದಿದ್ದನ್ನು ಜೇಬಮ್ಮ ನೋಡಿದ್ದು ಅವತ್ತೇ. ಅಜ್ಜಿಗೆ ಎಂಥ ಚೆಂದದ ಸುಕ್ಕು, ಮೊಮ್ಮಗನಿಗೆ ಎಂಥ ತುಂಟ ನಗು. ಬಟ್ಟೆ ಒಬ್ಬೊಬ್ಬರ ಮೈಮೇಲೂ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಅವಳಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮಗಳು ಮಾತ್ರ ಗೊಂಬೆಗಳ ಕಡೆ ತಿರುಗಿಯೂ ನೋಡದೆ ಸೀದಾ ಗೋಡೆಯ ಬೋರ್ಡಿನ ಮುಂದೆ ಹೋಗಿ ನಿಂತು, ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಬಣ್ಣ ಬಳಿದವರ ಹೆಸರಿತ್ತು, ದೀಪ ಕಟ್ಟಿದವರ ಹೆಸರಿತ್ತು. ಉಡುಪು ಎಂಬ ಪದದ ಮುಂದೆ ಕಂಟ್ರಾಕ್ಟರನ ಹೆಸರಿತ್ತು.

“ಅಮ್ಮ, ನಿಜ ಹೇಳು. ನೀನೇ ಹೊಲಿದಿದ್ದಾ?”

ಹೌದು ಕಣೇ ಎಂದಳು ಜೇಬಮ್ಮ.

“ಹಾಗಾದ್ರೆ ಆ ಹುಡುಗನ ಅಂಗೀಲಿ ಜೇಬು ಇರ್ಬೇಕಲ್ಲ. ನೀನು ಜೇಬಿಲ್ದೆ ಹೊಲಿಯೋದೇ ಇಲ್ಲ.”

ಚೀಟಿಯ ಕತೆಯನ್ನೆಲ್ಲ ಅವಳು ಬಿಡಿಸಿ ಹೇಳಿದಳು. ಬೇಡ ಅಂದಿದ್ದರು, ಅದಕ್ಕೇ ಇಡಲಿಲ್ಲ ಎಂದಳು. ಮಗಳು ಎಲ್ಲ ಕೇಳಿಸಿಕೊಂಡು, ಮೆಲ್ಲಗೆ, ಹಾಗಾದ್ರೆ ಸಾಕ್ಷಿ ಇಲ್ಲ ಎಂದು ತಲೆ ತಗ್ಗಿಸಿದಳು. ಜಗಳವಾಡಿದ್ದರೂ ಜೇಬಮ್ಮ ತಡೆದುಕೊಳ್ಳುತ್ತಿದ್ದಳು. ಆ ತಗ್ಗಿದ ತಲೆಯನ್ನು ಅವಳಿಂದ ನೋಡಲಾಗಲಿಲ್ಲ. ಊರಿಗೆ ಊರೇ ಸುಳ್ಳಿ ಎನ್ನಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಹಾಗಂದುಕೊಂಡರೆ ಹೇಗೆ?

ಅಕ್ಕನ ಮಾತು ಗುಂಡನ ಕಿವಿಗೂ ಬಿದ್ದಿತ್ತು. ಅಂಗಿಯಲ್ಲಿ ಜೇಬು ಎಲ್ಲಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಗೊಂಬೆಗಳ ಮುಂದೆ ಕಟ್ಟಿದ್ದ ಹಗ್ಗದಡಿ ನುಸುಳಿ, ಪ್ಲಾಸ್ಟರ್ ಹುಡುಗನ ಅಂಗಿಯೊಳಗೆ ಎಡಗಡೆಗೆ ಕೈ ಹಾಕಿದ. ಮಣಿಕಟ್ಟಿನವರೆಗೂ ಕೈ ಒಳಗೆ ಹೋಯಿತು.

“ಇದೆ,” ಎಂದ ಗುಂಡ.

ಜೇಬಮ್ಮ ಬಗ್ಗಿ ನೋಡಿದಳು, ನಿಜವೇ. ಆರು ಜನರ ಬಟ್ಟೆ ಹುಷಾರಾಗಿ ಹೊಲಿದವಳು ಕೊನೆಯ ದಿನದ ಗಡಿಬಿಡಿಯಲ್ಲಿ ಪುಟ್ಟ ಅಂಗಿ ಕೈಗೆ ಬಂದದ್ದೇ ತಡ, ಅಭ್ಯಾಸಬಲದಿಂದ ಜೇಬು ಇಟ್ಟೇಬಿಟ್ಟಿದ್ದಳು. ಅವಳಿಗೇ ಅದರ ಅರಿವಿರಲಿಲ್ಲ. ಅಷ್ಟರಲ್ಲಿ ಕಾವಲುಗಾರ ಸೀಟಿ ಊದಿದ, ಪಕ್ಕದ ಹಾಲಿನಲ್ಲಿ ಸುತ್ತು ಹಾಕುತ್ತಿದ್ದ ಮ್ಯೂಸಿಯಮ್ಮಿನ ಮೇಡಂ ಓಡಿ ಬಂದರು. ಮಗುವನ್ನು ಹೀಗೆ ಬಿಡುತ್ತಾರೇನ್ರೀ ಎಂದು ಮೊದಲು ಡ್ರೈವರಿಗೆ ಮಂಗಳಾರತಿ ಮಾಡಿದರು. ಆಮೇಲೆ ಗುಂಡನ ಕೈ ಎಲ್ಲಿದೆಯೆಂದು ನೋಡಿದರು.

“ಈ ಜೇಬು ಎಲ್ಲಿಂದ ಬಂತು? ಯಾರು ಹೊಲಿದಿದ್ದು ಇದನ್ನ?”

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಅವಳ ಮುಖ ಕಂಡವರಲ್ಲ, ಬೋರ್ಡಿನಲ್ಲಿ ಹೆಸರಿಲ್ಲ, ತಪ್ಪೆಲ್ಲ ಕಂಟ್ರಾಕ್ಟರನ ತಲೆಗೆ. ಮುಂದಿನ ಹಾಲಿಗೆ ಇನ್ನೂ ಹನ್ನೆರಡು ಗೊಂಬೆಗಳು ಬರುವುದಿತ್ತು, ಅವುಗಳ ಬಟ್ಟೆಯೂ ಅವಳಿಗೇ ಎಂದು ಮಾತಾಗಿತ್ತು. ಗಂಡ ಹಿಂದಿನಿಂದ ಅವಳ ಮೊಣಕೈ ಹಿಡಿದೆಳೆದು, ಬಾಯಿ ಮುಚ್ಕೊಂಡಿರು ಮಾರಾಯ್ತಿ ಎಂದು ಪಿಸುಗುಟ್ಟಿದ. ಮಗಳು ತಲೆಯೆತ್ತಿ ಅಮ್ಮನನ್ನೇ ನೋಡುತ್ತಿದ್ದಳು.

“ನಾನೇ ಮೇಡಂ,” ಎಂದಳು ಜೇಬಮ್ಮ. “ಈ ಏಳೂ ಜನದ ಬಟ್ಟೆ ಹೊಲಿದಿದ್ದು ನಾನೇ. ಜೇಬು ಇಟ್ಟಿದ್ದೂ ನಾನೇ, ತಪ್ಪಾಯ್ತು.”

ಮೇಡಂ ಅಂಗಿಯ ಅಂಚು ಮಗುಚಿ ಹೊಲಿಗೆಯನ್ನು ನೋಡಿದರು. ಅಜ್ಜಿಯ ತೋಳಿನ ಹೊಲಿಗೆಯನ್ನೂ ನೋಡಿದರು. ಶಭಾಷ್ ಅನ್ನಲಿಲ್ಲ, ಬಯ್ಯಲೂ ಇಲ್ಲ. ಕಂಟ್ರಾಕ್ಟರನ ಹತ್ತಿರ ನಾಳೆ ಮಾತಾಡುತ್ತೇನೆ ಎಂದು ಗಟ್ಟಿಯಾಗಿ ಅಂದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಬೆಳಗಾದರೆ ಶಾಲೆಯ ಮಕ್ಕಳು ನೋಡಲು ಬರುತ್ತಾರೆ, ಈಗಲೇ ಜೇಬು ಬಿಚ್ಚಿಕೊಡಿ ಎಂದು ತಮ್ಮ ರೂಮಿನಿಂದ ಸಣ್ಣ ಕತ್ತರಿ ತರಿಸಿದರು. ಹನ್ನೆರಡು ಗೊಂಬೆ ಕೈತಪ್ಪಿದ ಹಾಗೇ ಎಂದು ಜೇಬಮ್ಮ ಮನಸ್ಸು ಗಟ್ಟಿ ಮಾಡಿಕೊಂಡಳು.

ಕಾವಲುಗಾರ ಹಗ್ಗ ತೆಗೆದ. ಅವಳು ಒಳಗೆ ಹೋಗಿ, ಪ್ಲಾಸ್ಟರ್ ಅಜ್ಜಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಹುಡುಗನ ಬೆನ್ನಿನ ದಾರ ಸಡಿಲಿಸಿ ಹೊಲಿಗೆ ಬಿಚ್ಚತೊಡಗಿದಳು. ಗೊಂಬೆಗಳ ನಡುವೆ ಒಬ್ಬಳು ಅಲ್ಲಾಡುತ್ತಿದ್ದಾಳೆಂದು ಜನ ಮುತ್ತಿಕೊಂಡರು. ಒಬ್ಬ ಮುದುಕಿ, ಇದೇನು ಕರೆಂಟಿನ ಗೊಂಬೆಯೇ ಎಂದು ವಿಚಾರಿಸಿದಳು.

“ಅದು ನಮ್ಮಮ್ಮ, ಅಜ್ಜಿ,” ಎಂದಳು ಲಾಯರಮ್ಮ. “ಇವರೆಲ್ಲರ ಬಟ್ಟೆ ಹೊಲಿದಿದ್ದು ಅವಳೇ.”

ನಿನಗೆ ಹೇಗೆ ಗೊತ್ತು ಮರಿ, ಬೋರ್ಡಿನಲ್ಲಿ ಬೇರೆ ಹೆಸರಿದೆಯಲ್ಲ ಎಂದಳು ಮುದುಕಿ.

“ಬೋರ್ಡು ಬರೆದವರಿಗೆ ಏನು ಗೊತ್ತು? ಅವಳು ಹೊಲಿಯೋವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಏಳೂ ಜನದ್ದು. ಕಣ್ಣಾರೆ ನೋಡಿದೀನಿ.”

ಹಸಿಹಸಿ ಸುಳ್ಳು. ಆ ಶೆಡ್ಡಿನ ಬಾಗಿಲು ಯಾವ ದಿಕ್ಕಿಗಿದೆ ಎನ್ನುವುದೂ ಆ ಹುಡುಗಿಗೆ ಗೊತ್ತಿರಲಿಲ್ಲ. ಜೇಬಮ್ಮ ಅವಳನ್ನು ಗದರಬೇಕಿತ್ತು, ಗದರಲಿಲ್ಲ. ಕಣ್ಣು ತುಂಬಿ ದಾರ ಎರಡೆರಡಾಗಿ ಕಾಣುತ್ತಿತ್ತು. ಜನರಿಗೆ ಬೆನ್ನು ಮಾಡಿ ಒಂದೊಂದೇ ಹೊಲಿಗೆಯನ್ನು ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಬಿಚ್ಚುತ್ತಾ ಕೂತಳು.